ಇಂಚಿಗೆ ಇಪ್ಪತ್ತೈದು ದಿನ

ಎಂಬತ್ತು ಪದರ ಜೀನ್ಸ್ ಬಟ್ಟೆ, ಮೇಲೆ ಸೀಮೆಸುಣ್ಣದ ಗೆರೆ,
ಗೆರೆಯ ಮೇಲೆ ಓಡುವ ಅಲಗು.
ಕೌಲ್ ಬಜಾರಿನ ಆ ತಗಡಿನ ಶೆಡ್ಡಿನಲ್ಲಿ
ಹತ್ತೊಂಬತ್ತು ವರ್ಷ ಗೆರೆ ತಪ್ಪಿದವನಲ್ಲ ನಾನು.
ಒಮ್ಮೆ ತಪ್ಪಿತು.
ಉಕ್ಕಿನ ಕೈಗವಸು ಮೊಳೆಯಲ್ಲೇ ತೂಗುತ್ತಿತ್ತು,
ಸೆಕೆ ಅಂತ ತೆಗೆದಿಟ್ಟದ್ದು.

ನೋವಾಗಲಿಲ್ಲ ಅಂದರೆ ಯಾರೂ ನಂಬುವುದಿಲ್ಲ.
ನೀಲಿ ಕಪ್ಪಾಗುವುದು ಕಂಡೆ.
ಎಂಬತ್ತು ಪ್ಯಾಂಟು ಹಾಳಾಯಿತಲ್ಲ, ಅಂದುಕೊಂಡೆ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೇಳಿದರು:
ನರ ಬರೀ ತುಂಡಾಗಿಲ್ಲ, ನಡುವೆ ಒಂದಿಂಚು ಹೋಗಿದೆ.
ಎಳೆದು ಹೊಲಿದರೆ ಬಿಗಿಯುತ್ತೆ, ಬಿಗಿದರೆ ಸಾಯುತ್ತೆ.
ಕಾಲಿನ ನರ ತೆಗೆದು ತೇಪೆ ಹಾಕಬೇಕು.
ತೇಪೆ ಅಂದಕೂಡಲೇ ನನಗೆ ಧೈರ್ಯ ಬಂತು.
ದಾರ ಎಷ್ಟನೇ ನಂಬರು ಮೇಡಂ?
ನಕ್ಕರು. ಬರಿಗಣ್ಣಿಗೆ ಕಾಣೋದಿಲ್ಲ ಮಾಸ್ಟರ್.

ತೇಪೆ ದಾರಿ ಮಾತ್ರ. ನಡೆಯಬೇಕಾದದ್ದು ನರ,
ದಿನಕ್ಕೆ ಒಂದು ಮಿಲಿಮೀಟರು.
ಮನೆಗೆ ಬಂದು ಟೇಪು ಹಿಡಿದೆ.
ಮಣಿಕಟ್ಟಿನಿಂದ ನಡುಬೆರಳ ತುದಿಗೆ ಏಳೂಕಾಲು.
ಇಂಚಿಗೆ ಇಪ್ಪತ್ತೈದು ದಿನ, ಲೆಕ್ಕ ಆರು ತಿಂಗಳು,
ಹೊರಡುವುದಕ್ಕೇ ಇನ್ನೊಂದು ತಿಂಗಳು.
ಹೊರಡಲಿ ಬಿಡು,
ಹೊಸಪೇಟೆ ಲಾರಿಯೂ ಟಾರ್ಪಾಲು ಕಟ್ಟುತ್ತ
ಅರ್ಧ ದಿನ ಇಲ್ಲೇ ನಿಂತಿರುತ್ತೆ.

ಸಿರುಗುಪ್ಪದ ಭಾವ ಎಣ್ಣೆ ತಂದ, ಹಸಿರು ಬಾಟಲಿ.
ಅವನ ಮಗ ಮೊಬೈಲ್ ತಂದ:
ನರ ಹಾಯಲು ಕೊಳವೆ ಬಂದಿದೆಯಂತೆ,
ಸಣ್ಣ ಕರೆಂಟು ಕೊಟ್ಟರೆ ಬೇಗ ಚಿಗುರುತ್ತಂತೆ.
ಡಾಕ್ಟರಮ್ಮ ಇಲ್ಲ ಅನ್ನಲಿಲ್ಲ.
ನೋಡ್ತಾ ಇದ್ದಾರೆ, ಒಳ್ಳೇದಾಗಬಹುದು.
ಇಲಿಗಳು ಬೇಗ ವಾಸಿಯಾಗುತ್ತವೆ ಮಾಸ್ಟರ್,
ಮನುಷ್ಯನ ತೋಳು ಉದ್ದ.

ಅಷ್ಟರಲ್ಲಿ ಕೈ ನನ್ನದಾಗಿರಲಿಲ್ಲ.
ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ
ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ.
ಒಂದು ಸಂಜೆ ಚಹಾದ ಲೋಟ ಹಿಡಿದು ಮಾತಾಡುತ್ತಿದ್ದೆ,
ಹುಲಿಗೆಮ್ಮ ಕಿರುಚಿದಳು. ಹೆಬ್ಬೆರಳ ತುಂಬ ಬೊಬ್ಬೆ.

ಬುಧವಾರ ಬುಧವಾರ ಶಾಹೀನ್ ಮೇಡಂ
ಮಣಿಕಟ್ಟಿನಿಂದ ಮೇಲೆ ಮೇಲೆ ಬೆರಳಲ್ಲಿ ತಟ್ಟುತ್ತಾರೆ.
ಎಲ್ಲಿ ತಟ್ಟಿದರೆ ಜುಂ ಅನ್ನುತ್ತೋ
ಅಲ್ಲಿವರೆಗೆ ಬಂದಿದೆ ನರ.
ಪೆನ್ನು ತೆಗೆದರು. ಬೇಡ ಮೇಡಂ, ಅಂದೆ,
ಜೇಬಿನಿಂದ ನನ್ನ ಸೀಮೆಸುಣ್ಣ ಕೊಟ್ಟೆ.
ಅಂಗೈಯಲ್ಲಿ ವಾರಕ್ಕೊಂದು ಗೆರೆ.
ಕತ್ತರಿಸುವುದಕ್ಕಲ್ಲದ ಗೆರೆ ನಾನು ನೋಡಿದ್ದು ಅದೇ ಮೊದಲು.

ಐದನೇ ತಿಂಗಳು ನೋವು ಬಂತು.
ಕೆಂಜಿಗ, ಉರಿ, ನಡುರಾತ್ರಿ ಕರೆಂಟು.
ಬೈದೆ. ತಾಯಿ ಎತ್ತಿ ಬೈದೆ ಕೈಯನ್ನು.
ಇಷ್ಟು ದಿನ ಬೈಯಲಿಕ್ಕೆ ಅಲ್ಲಿ ಯಾರಿದ್ದರು?

ಬಂದದ್ದೂ ಸರಿಯಾದ ಮನೆಗೆ ಬರಲಿಲ್ಲ.
ನಡುಬೆರಳು ಮುಟ್ಟಿದರೆ ತೋರುಬೆರಳು ಓ ಅನ್ನುತ್ತೆ,
ಹೆಬ್ಬೆರಳಿಗೆ ಚುಚ್ಚಿದರೆ ಎಲ್ಲೋ ಪಕ್ಕದಲ್ಲಿ.
ಸಾವಿರ ಎಳೆ ಮಾಸ್ಟರ್, ವಿಳಾಸ ಕಲೆತಿವೆ,
ಇನ್ನು ತಲೆಗೆ ಓಣಿ ಗುರುತು ಮಾಡಿಸಬೇಕು.

ಹಾಗಾಗಿ ರಾತ್ರಿ ಊಟದ ನಂತರ ಶಾಲೆ.
ನಾನು ಕಣ್ಣು ಮುಚ್ಚುತ್ತೇನೆ, ಹುಲಿಗೆಮ್ಮ ಇಡುತ್ತಾಳೆ.
ಹುಣಸೆಬೀಜವನ್ನು ಗುಂಡಿ ಅಂದೆ,
ಗುಂಡಿಯನ್ನು ಎಂಟಾಣೆ.
ಜಿಪ್ಪಿಗೆ ಹಲ್ಲಿದೆ, ಅದು ಸುಲಭ.
ಜೋಳ ಗೊತ್ತಾಗಲಿಲ್ಲ, ತಿಂದುಬಿಟ್ಟೆ.

ನಿನ್ನೆ ಚೂರು ಬಟ್ಟೆ ಇಟ್ಟಳು.
ತಡವಿದೆ. ಓರೆ ನೇಯ್ಗೆ,
ಎಳೆಗಳು ಎಡದಿಂದ ಬಲಕ್ಕೆ ಏರುವುದು
ಮಂಜಿನಾಚೆಯ ಮೆಟ್ಟಿಲಿನಂತೆ ಸಿಕ್ಕಿತು.
ಇದು ಹೊರಮೈ, ಅಂದೆ.
ಸದ್ದಿಲ್ಲದೆ ತಿರುವಿಟ್ಟಳು. ಈಗ?
ತುಂಬ ಹೊತ್ತು ತಡವಿದೆ.
ಗೊತ್ತಿಲ್ಲ, ಅಂದೆ.
ಇನ್ನೊಮ್ಮೆ ನೋಡು, ಅಂದಳು.

ಸಾಲ ಕೊಟ್ಟ ಕಾಲು ಮಾತ್ರ ಏನೂ ಕೇಳಿಲ್ಲ.
ಅದರ ಹೊರಅಂಚು ಇನ್ನು ಸದಾ ಮರಗಟ್ಟಿರುವುದು.
ಒಮ್ಮೊಮ್ಮೆ ಚಪ್ಪಲಿ ಕಳಚಿರುತ್ತೆ,
ನಾನು ಮೋತಿ ಸರ್ಕಲ್ ದಾಟಿರುತ್ತೇನೆ.
ಹಿಂದಿನಿಂದ ಯಾರಾದರೂ ಕೂಗಬೇಕು.